ವಾಘೋಬನ ನೆಲದಲ್ಲಿ ಹಿರಿಯರ ಸಭೆ

ಕ್ರೈಸ್ತಧರ್ಮವು ಯೂರೋಪನ್ನು ವ್ಯಾಪಿಸುವುದಕ್ಕೆ ಮುನ್ನ ಅಲ್ಲಿಯ ಜನ ಸೂರ್ಯನನ್ನೂ ಅಗ್ನಿಯನ್ನೂ ಬನ-ಬುಗ್ಗೆಗಳನ್ನೂ ಪೂಜಿಸುತ್ತಿದ್ದರೆಂಬುದನ್ನು ಚರಿತ್ರೆಯನ್ನೋದಿದವರೆಲ್ಲ ಬಲ್ಲರು. ಆದರೆ ಲುಪ್ತಪ್ರಾಯವಾದ ಆ ಉಪಾಸನೆಯನ್ನು ಹಳೆಯ ಹಾಡುಗಳಿಂದ, ಹಳ್ಳಿಗಳಲ್ಲುಳಿದ ಆಚರಣೆಗಳ ಅವಶೇಷಗಳಿಂದ, ಬಹುಮಟ್ಟಿಗೆ ತಮ್ಮ ಹೃದಯದ ಹಂಬಲದಿಂದಲೇ ಮರಳಿ ಕಟ್ಟಿಕೊಳ್ಳುತ್ತಿರುವ ಜನ ಇಂದು ಆ ಖಂಡದಲ್ಲಿಯೂ ಅಮೆರಿಕೆಯಲ್ಲಿಯೂ ಇದ್ದಾರೆಂಬುದು ನಮ್ಮಲ್ಲಿ ಅನೇಕರಿಗೆ ಹೊಸ ಸಂಗತಿ. ಪೇಗನ್ನರೆಂಬ ಹೆಸರನ್ನು ಅವರು ಅಭಿಮಾನದಿಂದಲೇ ಧರಿಸಿದ್ದಾರೆ. ಐಸ್‌ಲೆಂಡ್ ಅಂಥ ಪಂಥವೊಂದಕ್ಕೆ 1973ರಲ್ಲಿಯೇ ಮಾನ್ಯತೆಯಿತ್ತಿತು. 1387ರವರೆಗೂ ಹಳೆಯ ದೇವತೆಗಳನ್ನು ತ್ಯಜಿಸದಿದ್ದ ಲಿಥುವೇನಿಯದ ರೋಮುವ ಪಂಥದವರಾದರೋ ಯೂರೋಪಿನ ಮಾನವಹಕ್ಕುಗಳ ನ್ಯಾಯಾಲಯಕ್ಕೆ ಮೊರೆಹೋಗಿ 2021ರಲ್ಲಿ ಅನುಕೂಲವಾದ ತೀರ್ಪನ್ನು ಪಡೆಯಬೇಕಾಯಿತು. ವಿವೇಕಾನಂದರು ಮಾತನಾಡಿದ ಚಿಕಾಗೋ ಧರ್ಮಸಮ್ಮೇಳನದ ಶತಮಾನೋತ್ಸವವು 1993ರಲ್ಲಿ ಅದೇ ನಗರದಲ್ಲಿ ಜರುಗಿದಾಗ ಈ ಜನ ಅಲ್ಲಿಯ ಉದ್ಯಾನದಲ್ಲಿ ಹುಣ್ಣಿಮೆಯ ಪೂಜೆಯನ್ನು ಬಹಿರಂಗವಾಗಿ ನೆರವೇರಿಸಿದರು.

ಇಂಥವರು ಮುಂಬಯಿಗೂ ಬಂದಿದ್ದರು. 2003ರ ಫೆಬ್ರವರಿಯಲ್ಲಿ ಪ್ರಾಚೀನ ಪರಂಪರೆಗಳ ಹಿರಿಯರ ಮೊದಲನೆಯ ಅಂತಾರಾಷ್ಟ್ರೀಯ ಸಮ್ಮೇಳನವು ಈ ನಗರದಲ್ಲಿ ಕೂಡಿತು. ಅಮೆರಿಕೆಯ ಮೂಲನಿವಾಸಿಗಳೂ ಯೂರೋಪಿನ ಪೇಗನ್ನರೂ ಹಿಂದೂ ಧರ್ಮದ ಪ್ರತಿನಿಧಿಗಳೊಡನೆ ಒಂದೇ ವೇದಿಕೆಯಲ್ಲಿ ಕುಳಿತರು. ಅದೇ ಪರಂಪರೆಯ ಸಮ್ಮೇಳನ ಮುಂದೆ 2015ರಲ್ಲಿ ನಮ್ಮ ಮೈಸೂರಿನಲ್ಲಿಯೂ ನಡೆಯಿತು. ತಮ್ಮಲ್ಲಿ ಹರಿದುಹೋದ ತಂತು ಎಲ್ಲಿ ಹರಿಯದೆ ಉಳಿದಿದೆಯೋ ಅಲ್ಲಿಗೆ ಅದನ್ನು ಅರಸಿಕೊಂಡು ಬರುವ ಮನುಷ್ಯನ ಆರ್ತತೆ ಗೌರವಾರ್ಹವಾದುದು; ಅದನ್ನು ನಾನು ಮನಸಾ ಗೌರವಿಸುತ್ತೇನೆ. ಆದರೆ ಅಖಂಡವಾದ ಆ ತಂತುವನ್ನು ಮುಂಬಯಿಯಲ್ಲಿ ಕಾಣಬೇಕಾದುದೆಲ್ಲಿ?

ಗೋರೆಗಾಂವಿನ ಪೂರ್ವಕ್ಕೆ, ಆರೆ ಕಾಡಿನ ಪಾಡಾಗಳಲ್ಲಿ, ಎಂದರೆ ಆದಿವಾಸಿಗಳ ಹಾಡಿಗಳಲ್ಲಿ. ಅಲ್ಲಿಯೂ ಅದಕ್ಕೆ ತಗುಲಿದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿಯೂ ನೆಲೆಸಿರುವ ವಾರ್ಲಿ ಜನ ವಾಘೋಬನನ್ನು ಪೂಜಿಸುತ್ತಾರೆ. ಹುಲಿಯನ್ನೂ ಚಿರತೆಯನ್ನೂ ಒಂದೇ ಹೆಸರಿನಿಂದ ಕರೆಯುವ ಆ ಜನ ಕಲ್ಲಿನಲ್ಲಿಯೋ ಮರದಲ್ಲಿಯೋ ಕೆತ್ತಿದ ದೇವರಿಗೆ ಸಿಂಧೂರ ಬಳಿದು, ದೀಪಾವಳಿಯ ಆಸುಪಾಸಿನಲ್ಲಿ ಬರುವ ವಾಘಬಾರಸದಂದು ಕೋಳಿಯನ್ನೋ ಆಡನ್ನೋ ಒಪ್ಪಿಸುತ್ತಾರೆ. ಮುಂಬಯಿ ಉಪನಗರ, ಠಾಣೆ, ಪಾಲ್ಘರ್ ಜಿಲ್ಲೆಗಳಲ್ಲಿ ಅಧ್ಯಯನ ನಡೆಸಿದ ಸಂಶೋಧಕರು ಇಂಥ 150 ಗುಡಿಗಳನ್ನು ಗುರುತಿಸಿ 2021ರಲ್ಲಿ ಪ್ರಕಟಿಸಿದರು. ಈ ಪೂಜೆಯ ಅಂತಸ್ಸತ್ವವಿರುವುದು ಒಡಂಬಡಿಕೆಯಲ್ಲಿ: ಮನುಷ್ಯರು ವರ್ಷಕ್ಕೊಮ್ಮೆ ದೇವರ ಪಾಲನ್ನು ಸಲ್ಲಿಸಬೇಕು, ದೇವರು ಮನುಷ್ಯರನ್ನೂ ದನಕರುಗಳನ್ನೂ ಕಾಯಬೇಕು, ಪಾಲು ತಪ್ಪಿದರೆ ಕೊಟ್ಟಿಗೆಗೆ ಆಪತ್ತು. ನಿಜವಾದ ಚಿರತೆಗಳು ಇರುಳಿನಲ್ಲಿ ಅಂಗಳದ ಅಂಚಿಗೆ ಬಂದುಹೋಗುವ ಊರಿನಲ್ಲಿ ಇದು ಪ್ರತಿದಿನವೂ ಪರೀಕ್ಷೆಗೊಳಗಾಗುವ ಬಾಳಿನ ಕ್ರಮ.

ತುಳುನಾಡಿನಿಂದ ಬಂದು ಈ ನಗರದಲ್ಲಿ ನೆಲೆಸಿದವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಹುಲಿದೈವವಾದ ಪಿಲಿಚಾಮುಂಡಿಗೆ ಕೈಮುಗಿದ ಕುಲದವರಿಗೆ ವಾಘೋಬ ಅಪರಿಚಿತನಾಗುವುದೆಂತು? ಹೋಟೆಲು, ಬ್ಯಾಂಕು, ಗಿರಣಿಗಳಲ್ಲಿ ಮೂರು ತಲೆಮಾರು ದುಡಿದ ಮೇಲೂ ದೈವದ ನೇಮೋತ್ಸವದ ಕಾಲ ಬಂದೊಡನೆ ಅವರು ಊರಿನ ಮೂಲಮನೆಗೆ ಹೊರಡುತ್ತಾರಷ್ಟೆ. ದೈವವು ತನ್ನ ಸೀಮೆಯಲ್ಲಿ ನಿಂತು, ತನ್ನ ಜನರನ್ನು ಹೆಸರು ಹಿಡಿದು ಕರೆದು ನುಡಿಕೊಡಬೇಕು. ಈ ನಂಟಿಗೆ ಮತದ ಗಡಿಯೂ ಇಲ್ಲ: ಕುಂಬಳೆ ಸೀಮೆಯಲ್ಲಿ ಮುಸಲ್ಮಾನನೆನ್ನುವ ಆಲಿ ಭೂತಕ್ಕೆ ಹಿಂದೂಗಳು ಹರಕೆ ಸಲ್ಲಿಸುತ್ತಾರೆ. ಮುಸಲ್ಮಾನ ನಂಟಿನ ಕಥೆಯುಳ್ಳ ಬೊಬ್ಬರ್ಯನನ್ನು ಮೊಗವೀರರು ಕಡಲ ಕಾವಲುಗಾರನೆಂದು ನಂಬುತ್ತಾರೆ. ಇತ್ತ ಬಾಂದ್ರಾದ ಮೌಂಟ್ ಮೇರಿಯನ್ನು ಮೀನುಗಾರರಾದ ಕೋಳಿ ಜನ ಮೋತ್ ಮಾವುಲಿಯೆಂದು ಕರೆದು ಮೇಣದ ಬೊಂಬೆಗಳನ್ನರ್ಪಿಸುತ್ತಾರೆ. ಈಸ್ಟ್ ಇಂಡಿಯನ್ ಎಂದು ಕರೆಯಿಸಿಕೊಳ್ಳುವ ಇಲ್ಲಿಯ ಕ್ರೈಸ್ತರು ಅಕ್ಟೋಬರಿನ ಆಗೇರಾ ಹಬ್ಬದಲ್ಲಿ ಹೊಸ ಭತ್ತದ ತೆನೆಯನ್ನು ಪಾದ್ರಿಗಳಿಂದ ಆಶೀರ್ವಾದ ಮಾಡಿಸುತ್ತಾರೆ. ಯಾವ ಸಮ್ಮೇಳನವೂ ನಿರ್ಣಯ ಕೈಗೊಳ್ಳದೆ ಬೆಳೆದುಬಂದ ಧರ್ಮಸಂಬಂಧಗಳಿವು. ಇಲ್ಲಿ ಯಾರೂ ಯಾರನ್ನೂ 'ನೀವು ಮೂಲತಃ ನಮ್ಮವರೇ' ಎಂದು ತಮ್ಮೊಳಗೆ ಕರಗಿಸಿಕೊಳ್ಳಲು ಹೊರಟಿಲ್ಲ.

ನನಗೆ ಭಯವಿರುವುದು ಇಲ್ಲಿಯೇ. ವಿಶ್ವದ ಪ್ರಕೃತಿಪೂಜಕರೆಲ್ಲರನ್ನೂ ಒಂದೇ ಛತ್ರದಡಿ ತರುವ ಉತ್ಸಾಹದಲ್ಲಿ ದೊಡ್ಡ ಧರ್ಮವು ಸಣ್ಣ ದೇವರುಗಳ ಪರವಾಗಿ ತಾನೇ ಮಾತನಾಡತೊಡಗಿದರೆ, ಒಂದು ಕಾಲದಲ್ಲಿ ಮಿಷನರಿಗಳು ದ್ವೇಷದಿಂದ ಮಾಡಿದುದನ್ನು ನಾವು ಪ್ರೀತಿಯಿಂದ ಮಾಡಿದಂತಾದೀತು. ಅದಕ್ಕಿಂತಲೂ ಕಠಿನವಾದ ಪ್ರಶ್ನೆ ನೆಲದ್ದು. 2019ರ ಅಕ್ಟೋಬರ್ 4ರಂದು ಉಚ್ಚ ನ್ಯಾಯಾಲಯವು ಮರ ಕಡಿಯುವುದರ ವಿರುದ್ಧದ ಅರ್ಜಿಗಳನ್ನು ತಳ್ಳಿಹಾಕಿದ ರಾತ್ರಿಯೇ ಆರೆಯಲ್ಲಿ ಮೆಟ್ರೋ ಕಾರ್‌ಶೆಡ್ಡಿಗಾಗಿ ಗರಗಸಗಳು ಮೊರೆದವು. ಸರ್ವೋಚ್ಚ ನ್ಯಾಯಾಲಯ 7ರಂದು ತಡೆ ನೀಡುವಷ್ಟರಲ್ಲಿ 2,000ಕ್ಕೂ ಮಿಕ್ಕ ಮರಗಳು ಉರುಳಿದ್ದವು. ಮೆಟ್ರೋ ಈ ಊರಿಗೆ ಬೇಕೆಂಬುದನ್ನು ಲೋಕಲ್ ರೈಲಿನ ಬಾಗಿಲಿಗೆ ಜೋತು ಪ್ರಯಾಣಮಾಡುವ ಯಾರೂ ಅಲ್ಲಗಳೆಯರು. ಆದರೂ ಅಂದು ಹೋದ ಮರಗಳ ಲೆಕ್ಕದಲ್ಲಿ ಅವು ಯಾವ ದೇವರ ಬನವೆಂಬ ಕಲಮು ಇರಲಿಲ್ಲ, ಗೋಪುರವಿದ್ದಿದ್ದರೆ ಇರುತ್ತಿತ್ತು.

ಮತ್ತೊಮ್ಮೆ ಲೋಕದ ಹಿರಿಯರು ಮುಂಬಯಿಯಲ್ಲಿ ಸೇರುವ ದಿನ ಬಂದರೆ ಸಭೆಯ ಮೊದಲ ದಿನವನ್ನು ಪಾಡಾದ ಅಂಗಳದಲ್ಲಿ, ಅಲ್ಲಿಯವರು ಒಪ್ಪಿದರೆ ಮಾತ್ರ, ನಡೆಸತಕ್ಕದ್ದು. ಅಲ್ಲಿಯ ಪೂಜಾರಿಯಾದ ಭಗತನು ತನ್ನ ವಾರ್ಲಿ ನುಡಿಯಲ್ಲಿಯೇ ಮೊದಲು ಮಾತನಾಡಲಿ. ಅತಿಥಿಗಳಿಗೆ ಏನನ್ನು ತೋರಬೇಕು, ಏನನ್ನು ತೋರಬಾರದೆಂಬುದನ್ನು ಅವನೇ ನಿರ್ಧರಿಸಲಿ. ಮತ್ತು ಸಭೆಯ ಮೊದಲನೆಯ ನಿರ್ಣಯವು ಆ ಗುಡಿಗಳ ಸುತ್ತಣ ಕಾಡಿನ ಮೇಲೆ ಆ ಜನಕ್ಕಿರುವ ಹಕ್ಕನ್ನು ಕುರಿತದ್ದಾಗಲಿ.