ಶುಗರ್ ಚೆಕ್ ಮಾಡಿಸ್ತೀವಿ, ಮನಸ್ಸಿನ ಗತಿ?

ಬ್ಯಾಂಕಿನಲ್ಲಿ ಕೂತು ಲೆಕ್ಕ ತಾಳೆ ನೋಡೋದು ನನ್ನ ಕೆಲಸ. ಆದ್ರೆ ಮನೆಯಲ್ಲಿ ಅಪ್ಪನ ಶುಗರ್ ಲೆಕ್ಕ ಎರಡು ವರ್ಷ ತಾಳೆ ಆಗಲಿಲ್ಲ. ಗುಳಿಗೆ ಹೆಚ್ಚಾದವು, ಶುಗರ್ ಇಳೀಲಿಲ್ಲ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 7ರಿಂದ 10ಕ್ಕೆ ಏರಿತು. "ಬಾಯಿ ಕಟ್ಟಂಗಿಲ್ಲ, ನಡದಾಡಂಗಿಲ್ಲ, ಮತ್ತ ಹ್ಯಾಂಗ ಇಳೀತದ?" ಅಂತ ಮನೆಮಂದಿಯೆಲ್ಲ ಬೈದೆವು.

ಒಂದು ರಾತ್ರಿ ಅಪ್ಪ ಮೆಲ್ಲಗೆ ಅಂದರು: "ತಮ್ಮಾ, ಯಾವುದೂ ಬ್ಯಾಡ ಅನಸ್ತದ. ಗುಳಿಗಿ ತಗೊಂಡರ ಏನು, ಬಿಟ್ಟರ ಏನು?"

ಅದು ಆಲಸ್ಯ ಅಲ್ಲ, ಖಿನ್ನತೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಉಳಿದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ಮನಸ್ಸು ಕುಸಿದರೆ ಗುಳಿಗೆ, ಊಟ, ನಡಿಗೆ ಎಲ್ಲಾ ತಪ್ತವೆ. ಶುಗರ್ ಏರಿದರೆ ದಣಿವು, ಇನ್ನಷ್ಟು ಬೇಸರ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಔಷಧಿ ಕೊಟ್ಟರೆ ಸಾಲದು. ದೆಹಲಿ, ಚೆನ್ನೈ, ವಿಶಾಖಪಟ್ಟಣ, ಬೆಂಗಳೂರಿನಲ್ಲಿ 404 ರೋಗಿಗಳ ಮೇಲೆ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯ್ತು. ಒಬ್ಬ ಸಹಾಯಕರು ಮನಸ್ಸು, ಶುಗರ್ ಎರಡನ್ನೂ ಬೆನ್ನುಹತ್ತಿ ವಿಚಾರಿಸಿದ ಗುಂಪಿನವರೇ ಎರಡು ವರ್ಷದ ಕೊನೆಗೆ ಹೆಚ್ಚು ಸುಧಾರಿಸಿದ್ದರು.

ಈಗ ನಮ್ಮ ಮಾತಿಗೆ ಬರ್ತೀನಿ. ಶುಗರ್ ಎಷ್ಟಿದೆ ಅಂತ ರಕ್ತ ಹೇಳ್ತದೆ. ಖಿನ್ನತೆಯನ್ನು ಬಾಯಿಯೇ ಹೇಳಬೇಕು. ನಮ್ಮಪ್ಪಗೆ ಬಜಾರಕ್ಕೆ ಸಾಕಾಗುವಷ್ಟು ಮರಾಠಿ ಬರ್ತದೆ, ಎದೆಯ ಭಾರ ಹೇಳುವಷ್ಟು ಬರೋದಿಲ್ಲ. ಡಾಕ್ಟರು ಏನು ಕೇಳಿದರೂ "ಠೀಕ್ ಆಹೆ" ಅಂದು ಎದ್ದು ಬರ್ತಿದ್ದರು. ಅಕ್ಕಲಕೋಟೆಯಾಗಲಿ, ಕಾಸರಗೋಡಾಗಲಿ, ಆದೋನಿಯಾಗಲಿ, ಎರಡೂ ಭಾಷೆ ಚೆನ್ನಾಗಿ ಬರೋದು ನಮ್ಮ ವಯಸ್ಸಿನವರಿಗೆ. ಹಾಗಾಗಿ ಈ ಕೆಲಸ ನಮ್ಮದೇ.

ಮನೆಯಲ್ಲಿ ಶುಗರ್ ಇದ್ದವರನ್ನು ಕನ್ನಡದಲ್ಲೇ ಎರಡು ಮಾತು ಕೇಳಿ. ಎರಡು ವಾರದಿಂದ ಯಾವುದರಲ್ಲೂ ಆಸಕ್ತಿ ಇಲ್ವಾ? ಮನಸ್ಸು ಕುಗ್ಗಿ, ಮುಂದೆ ಏನೂ ಇಲ್ಲ ಅನಿಸ್ತದಾ? ಹೌದು ಅಂದ್ರೆ ಡಾಕ್ಟರ ಹತ್ತಿರ ಜೊತೆಗೇ ಒಳಗೆ ಹೋಗಿ, ಅವರ ಮಾತನ್ನು ಅವರು ಹೇಳಿದಂಗೇ ದಾಟಿಸಿ. ಥೈರಾಯ್ಡ್, ಬಿ12 ಪರೀಕ್ಷೆ ಬೇಕಾ ಕೇಳಿ. ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡವರಲ್ಲಿ ಬಿ12 ಕಡಿಮೆಯಾಗಬಹುದು, ಅದರಿಂದಲೂ ಸುಸ್ತು ಬರ್ತದೆ. ಖಿನ್ನತೆಯ ಕೆಲವು ಔಷಧಿಗಳು ತೂಕ, ಶುಗರ್ ಏರಿಸ್ತವೆ. ಅದಕ್ಕೇ ಶುಗರ್ ಇರೋದನ್ನು ಮೊದಲೇ ಹೇಳಿ. ಗುಣ ಕಾಣೋಕೆ ಕೆಲವು ವಾರ ಬೇಕು, ನಡುವೆ ನೀವಾಗೇ ನಿಲ್ಲಿಸಬೇಡಿ. ಮಾತಾಡಿ ಮನಸ್ಸು ಹಗುರ ಮಾಡುವ ಕೌನ್ಸೆಲಿಂಗ್ ಕೂಡ ಚಿಕಿತ್ಸೆಯೇ.

ಹತ್ತಿರ ಯಾರೂ ಇಲ್ಲದಿದ್ದರೆ ಸರ್ಕಾರದ ಟೆಲಿ ಮಾನಸ್ ಇದೆ: 14416. ಉಚಿತ, ಹಗಲು ರಾತ್ರಿ ಇರ್ತದೆ, ಅದರ ಭಾಷೆಗಳಲ್ಲಿ ಕನ್ನಡವೂ ಇದೆ. ಸಾಯುವ ಮಾತಾಡಿದರೆ ಒಬ್ಬರನ್ನೇ ಬಿಡಬೇಡಿ, ತಡ ಮಾಡಬೇಡಿ.

ಅಪ್ಪನ ಶುಗರ್ ಈಗ 8ಕ್ಕೆ ಇಳಿದಿದೆ. ಮೊನ್ನೆ ಯಾರೂ ಹೇಳದೇ ಹೊಲಕ್ಕೆ ಹೋಗಿ ಬಂದರು. ನನಗೆ ಆ 8ಕ್ಕಿಂತ ಇದೇ ದೊಡ್ಡ ಸುದ್ದಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮನೆಯವರನ್ನೂ ಒಮ್ಮೆ ಕೇಳಿ.