ಪೆಲೆಟ್ ಬರ್ನರ್ ಖರೀದಿ: ಯಂತ್ರಕ್ಕಿಂತ ಮೊದಲು ಇಂಧನದ ವಿಚಾರ

ಹೆಸರಘಟ್ಟ ರಸ್ತೆಯ ಬಾಗಲಗುಂಟೆಯಿಂದ ಪೀಣ್ಯದವರೆಗಿನ ಓಣಿಗಳಲ್ಲಿ ಪೌಡರ್ ಕೋಟಿಂಗ್ ನಡೆಸುವ ಸಣ್ಣ ಘಟಕಗಳಿವೆ. ಲೋಹದ ಮೇಲೆ ಸಿಂಪಡಿಸಿದ ಪುಡಿಬಣ್ಣ ಕರಗಿ ಭದ್ರವಾಗಿ ಹಿಡಿಯಬೇಕಾದರೆ ಓವನ್ನಿನಲ್ಲಿ ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಈ ಶಾಖವನ್ನು ಬಹುಕಾಲ ಒದಗಿಸಿದ್ದು ಡೀಸೆಲ್ ಮತ್ತು ಅಡುಗೆ ಅನಿಲ. ವಾಣಿಜ್ಯ ಸಿಲಿಂಡರಿನ ದರ ತಿಂಗಳಿಗೊಮ್ಮೆ ಪರಿಷ್ಕರಣೆಯಾಗುವುದರಿಂದ, ವರ್ಷದ ಆರಂಭದಲ್ಲಿ ಒಪ್ಪಿಕೊಂಡ ಜಾಬ್‌ವರ್ಕ್ ದರದಲ್ಲಿ ವರ್ಷಾಂತ್ಯಕ್ಕೆ ಲಾಭವೇ ಉಳಿಯದ ಪ್ರಸಂಗಗಳುಂಟು. ಆದುದರಿಂದ ಕೃಷಿ ತ್ಯಾಜ್ಯದ ಪೆಲೆಟ್ ಉರಿಸುವ ಬರ್ನರಿನತ್ತ ಮಾಲೀಕರ ಒಲವು ಬೆಳೆದಿರುವುದು ಸಹಜ.

ಆದರೆ ಮೊದಲ ಬಾರಿ ಕೊಳ್ಳುವವನ ಮೇಜಿನ ಮೇಲೆ ಮೂರು ಕೊಟೇಶನ್ನುಗಳು ಬಂದು ಕುಳಿತಾಗ ಗೊಂದಲ ಆರಂಭವಾಗುತ್ತದೆ. ಮೂರರಲ್ಲಿಯೂ ಒಂದೇ ಶಾಖ ಸಾಮರ್ಥ್ಯ, ಒಂದೇ ಬಗೆಯ ಚಿತ್ರ. ಬೆಲೆ ಮಾತ್ರ ಬೇರೆ. ಈ ಹೋಲಿಕೆ ಆಕಸ್ಮಿಕವಲ್ಲ. ಪೆಲೆಟ್ ತುಂಬುವ ಹಾಪರ್, ಅದನ್ನು ಮುಂದಕ್ಕೆ ತಳ್ಳುವ ತಿರುಪು, ಉರಿಯುವ ಕುಂಡ, ಗಾಳಿಯೂದುವ ಫ್ಯಾನ್, ಇವೆಲ್ಲವನ್ನು ನಡೆಸುವ ನಿಯಂತ್ರಕ: ತಿರುಪಿನಿಂದ ಪೆಲೆಟ್ ಉಣಿಸುವ ಯಂತ್ರಗಳೆಲ್ಲದರ ಒಡಲು ಇಷ್ಟೇ. ಅಮೆರಿಕದಲ್ಲಿ ಮಾಂಸ ಬೇಯಿಸುವ ಪೆಲೆಟ್ ಗ್ರಿಲ್‌ಗೆ ಆರೆಗಾನ್ ರಾಜ್ಯದ ಜೋ ಟ್ರೇಗರ್ 1986ರಲ್ಲಿ ಪಡೆದ ಪೇಟೆಂಟ್ 2006ರಲ್ಲಿ ಮುಗಿದ ಮೇಲೆ ಅಲ್ಲಿಯೂ ಹೀಗೆಯೇ ಆಯಿತು. ಹಲವು ತಯಾರಕರ ಒಂದೇ ಬಗೆಯ ಮಾದರಿಗಳ ನಡುವೆ ಮೊದಲ ಗ್ರಾಹಕನು ತಬ್ಬಿಬ್ಬಾಗುತ್ತಾನೆ.

ವ್ಯತ್ಯಾಸ ಇರುವುದು ಒಳಗೆ. ಅಗ್ಗದ ನಿಯಂತ್ರಕವು ನಿಗದಿತ ಸೆಕೆಂಡುಗಳಿಗೊಮ್ಮೆ ತಿರುಪನ್ನು ತಿರುಗಿಸಿ ಸುಮ್ಮನಾಗುತ್ತದೆ. ಉತ್ತಮ ನಿಯಂತ್ರಕವು ಓವನ್ನಿನ ಶಾಖವನ್ನು ಅಳೆಯುತ್ತಾ ಇಂಧನವನ್ನೂ ಗಾಳಿಯನ್ನೂ ಹೊಂದಿಸುತ್ತದೆ. ಶಾಖ ಏರುಪೇರಾದರೆ ಬಣ್ಣ ಹಳದಿಗಟ್ಟುತ್ತದೆ, ಇಲ್ಲವೇ ಹಸಿಯಾಗಿ ಉಳಿಯುತ್ತದೆ; ಗ್ರಾಹಕನು ಹಿಂದಿರುಗಿಸಿದ ಒಂದು ಲೋಡ್ ತಿಂಗಳ ಉಳಿತಾಯವನ್ನು ನುಂಗಬಲ್ಲದು. ವಿದ್ಯುತ್ ಹೋಗಿ ಫ್ಯಾನ್ ನಿಂತಾಗ ಬೆಂಕಿ ತಿರುಪಿನ ಮೂಲಕ ಹಾಪರಿಗೆ ಹಿಮ್ಮುಖವಾಗಿ ಸಾಗದಂತೆ ತಡೆಯಿದೆಯೇ, ಕುಂಡ ಯಾವ ಲೋಹದ್ದು, ಬೂದಿ ತೆಗೆಯಲು ಕೆಲಸ ನಿಲ್ಲಿಸಬೇಕೇ ಎಂಬುವು ಕೊಟೇಶನ್ನಿನಲ್ಲಿ ಬರೆಯಿಸಿಕೊಳ್ಳತಕ್ಕ ವಿಷಯಗಳು.

ಇಷ್ಟಾದರೂ ನಿರ್ಣಾಯಕವಾದುದು ಯಂತ್ರವಲ್ಲ. ಉದಾಹರಣೆಗೆ, ಗಂಟೆಗೆ 20 ಕಿಲೋ ಪೆಲೆಟ್ ಉರಿಸಿ ದಿನಕ್ಕೆ 8 ಗಂಟೆ, ತಿಂಗಳಿಗೆ 25 ದಿನ ನಡೆಯುವ ಘಟಕವೊಂದನ್ನು ಭಾವಿಸಬಹುದು. ತಿಂಗಳ ಬಳಕೆ 4,000 ಕಿಲೋ. ಪೆಲೆಟ್ ಕಿಲೋಗೆ 12 ರೂಪಾಯಿ ಎಂದಿಟ್ಟುಕೊಂಡರೆ, 40,000 ರೂಪಾಯಿ ಹೆಚ್ಚು ಬೆಲೆಯ ಯಂತ್ರವು ಶೇಕಡಾ 5ರಷ್ಟು ಇಂಧನ ಉಳಿಸಿದಾಗ ವರ್ಷಕ್ಕೆ 28,800 ರೂಪಾಯಿ ಉಳಿಯುತ್ತದೆ. ಹೆಚ್ಚುವರಿ ಹಣ ಸುಮಾರು 17 ತಿಂಗಳಲ್ಲಿ ಮರಳುತ್ತದೆ. ಆದರೆ ಪೆಲೆಟ್ ದರ ಕಿಲೋಗೆ ಕೇವಲ 2 ರೂಪಾಯಿ ಏರಿದರೆ ವರ್ಷದ ಹೊರೆ 96,000 ರೂಪಾಯಿ! ಮಾದರಿಯ ಆಯ್ಕೆಯಿಂದ ಗಳಿಸಿದ್ದರ ಮೂರು ಪಟ್ಟಿಗೂ ಹೆಚ್ಚು ಇಂಧನದ ಬಾಗಿಲಿನಿಂದ ಹೊರಹೋಗುತ್ತದೆ.

ಇದಕ್ಕೆ ಬೆಂಗಳೂರಿನಲ್ಲಿಯೇ ಪಾಠವೊಂದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ತಂತ್ರಜ್ಞಾನದಿಂದ ರೂಪುಗೊಂಡ 'ಊರ್ಜಾ' ಪೆಲೆಟ್ ಒಲೆಯನ್ನು ಬಿ.ಪಿ. ಕಂಪನಿಯು 2006ರಲ್ಲಿ ಮಾರುಕಟ್ಟೆಗೆ ತಂದಿತು. ಕರ್ನಾಟಕ, ಮಹಾರಾಷ್ಟ್ರ ಮೊದಲಾದೆಡೆ ಸುಮಾರು 4 ಲಕ್ಷ ಒಲೆಗಳು ಮಾರಾಟವಾದವು. ಒಲೆ ಉತ್ತಮವಾಗಿತ್ತು, ಹೊಗೆ ಕಡಿಮೆಯಿತ್ತು. ಆದರೆ ಕೃಷಿ ತ್ಯಾಜ್ಯಕ್ಕೆ ಬೇರೆ ಉದ್ಯಮಗಳಿಂದಲೂ ಬೇಡಿಕೆ ಬಂದು ಪೆಲೆಟ್ ದರ ಏರಿತು. ಕೊಂಡವರಲ್ಲಿ ಬಹುಮಂದಿ ಒಲೆಯನ್ನು ಮೂಲೆಗಿಟ್ಟರು. ಒಲೆ ಕೆಡಲಿಲ್ಲ, ಇಂಧನದ ಲೆಕ್ಕ ಕೆಟ್ಟಿತು.

ಪೆಲೆಟ್ಟುಗಳೆಲ್ಲ ಒಂದೇ ಅಲ್ಲ. ಮರದ ಪುಡಿಯದರಲ್ಲಿ ಬೂದಿ ಕಡಿಮೆ. ಭತ್ತದ ಹೊಟ್ಟಿನದರಲ್ಲಿ ಬಹಳ ಹೆಚ್ಚು. ಶೇಂಗಾ ಸಿಪ್ಪೆಯದು ಇವೆರಡರ ನಡುವಿನದು. ಬೂದಿ ಕರಗಿ ಗಟ್ಟಿಯಾದರೆ ಕುಂಡ ಮುಚ್ಚಿಹೋಗುತ್ತದೆ. ಮಳೆಗಾಲದಲ್ಲಿ ತೇವ ಹಿಡಿದ ಪೆಲೆಟ್ ಉಬ್ಬಿ ಪುಡಿಯಾಗಿ ತಿರುಪನ್ನು ಕಟ್ಟಿಹಾಕುತ್ತದೆ. ಆದುದರಿಂದ ಇಬ್ಬರು ಸರಬರಾಜುದಾರರಿಂದ ತಲಾ ಒಂದು ಲೋಡ್ ತರಿಸಿ, ಅದೇ ಪೆಲೆಟ್ಟಿನಿಂದ ಯಂತ್ರವನ್ನು ಎದುರಿಗೇ ನಡೆಯಿಸಿ ನೋಡಿದ ಬಳಿಕವೇ ಮುಂಗಡ ಕೊಡುವುದು ಲೇಸು. ಆರು ತಿಂಗಳಿಗಾದರೂ ಲಿಖಿತ ದರ ಒಪ್ಪಂದ ಹಾಗೂ ಒಣ ಗೋದಾಮಿನ ಏರ್ಪಾಡು ಇರಬೇಕು.

ಲೆಕ್ಕ ಹಾಕುವಾಗಲೂ ಎಚ್ಚರ ಅಗತ್ಯ. 19 ಕಿಲೋ ಸಿಲಿಂಡರ್ ಕೊಡುವ ಉಪಯುಕ್ತ ಶಾಖಕ್ಕೆ, ದಹನ ದಕ್ಷತೆಯ ವ್ಯತ್ಯಾಸ ಸೇರಿಸಿ, ಸಾಧಾರಣ ಗುಣಮಟ್ಟದ ಪೆಲೆಟ್ 60 ಕಿಲೋಗೂ ಮಿಕ್ಕಿ ಬೇಕಾಗುತ್ತದೆ. ಅನಿಲಕ್ಕೂ ಪೆಲೆಟ್ಟಿಗೂ ತೆತ್ತ ಜಿಎಸ್‌ಟಿಗೆ ಅರ್ಹ ಘಟಕವು ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಡೀಸೆಲ್ ಜಿಎಸ್‌ಟಿಯ ಹೊರಗಿರುವುದರಿಂದ ಅದರ ತೆರಿಗೆ ಪೂರ್ತಿ ವೆಚ್ಚವೇ. ಜಮೆ ಕಳೆದ ನಿವ್ವಳ ದರಗಳನ್ನೇ ಹೋಲಿಸತಕ್ಕದ್ದು. ಬೂದಿ ಬಾಚುವ ಕಾರ್ಮಿಕನ ಕೂಲಿ, ಗೋದಾಮಿನ ಬಾಡಿಗೆ, ಸಾಲದ ಬಡ್ಡಿ ಇವೂ ಸೇರಬೇಕು. ಇಂಧನ ಬದಲಾವಣೆಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದೊಂದಿಗೆ ತಾಳೆ ನೋಡುವುದೂ ಮರೆಯಬಾರದು.

ದಿನಕ್ಕೆ ಎರಡು ಗಂಟೆ ಮಾತ್ರ ಓವನ್ ಉರಿಸುವ ಘಟಕವು ಅನಿಲದಲ್ಲಿಯೇ ಮುಂದುವರಿಯುವುದು ವಿವೇಕ. ಅಲ್ಪ ಬಳಕೆಯ ಉಳಿತಾಯ ಸಾಲದ ಕಂತಿಗೂ ಸಾಲದು. ದಿನವಿಡೀ ಉರಿಸುವವನು ಕೊಳ್ಳಲಿ, ಆದರೆ ಹಳೆಯ ಅನಿಲ ಬರ್ನರನ್ನು ಗುಜರಿಗೆ ಹಾಕದಿರಲಿ. ಪೆಲೆಟ್ ಲಾರಿ ಬಾರದ ದಿನ ಗ್ರಾಹಕನಿಗೆ ಕೊಟ್ಟ ಮಾತನ್ನು ಉಳಿಸುವುದು ಅದೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಗೋದಾಮಿನ ಪೆಲೆಟ್ ರಾಶಿಗೂ ಸಲ್ಲುತ್ತದೆ.