ಮನೆ ಯಾರಿಗಾಗಿ?

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬದು ಹಿರಿಯರ ಮಾತು. ಕಟ್ಟುವ ಕಷ್ಟವನ್ನು ಕಟ್ಟಿದವನೇ ಬಲ್ಲನೆಂಬದು ಅದರ ತಾತ್ಪರ್ಯ. ಈಗಿನ ಗೃಹಸ್ಥರು ಈ ಗಾದೆಯನ್ನು ಸದ್ದಿಲ್ಲದೆ ತಿದ್ದಿಕೊಂಡಿರುವಂತೆ ತೋರುತ್ತದೆ. ಮನೆ ಕಟ್ಟಿ ತೋರಿಸು ಎಂಬದೇ ಈಗಿನ ಪಾಠ. ದಾಂಡೇಲಿಯ ಹೊಸ ಬಡಾವಣೆಗಳಲ್ಲಾಗಲಿ, ಹಳಿಯಾಳ ಮುಂಡಗೋಡಗಳ ಪೇಟೆಯಂಚಿನಲ್ಲಾಗಲಿ, ಜೋಯಿಡಾದ ಕಾಡುದಾರಿಯ ಬದಿಯಲ್ಲಾಗಲಿ ಏಳುತ್ತಿರುವ ಮನೆಗಳನ್ನು ನೋಡಿದವರಿಗೆ ಇದು ಹೊಳೆಯದಿರದು. ಮೇಲೆ ಚಪ್ಪಟೆಯಾದ ಸ್ಲ್ಯಾಬು, ಮುಂದೆ ಗಾಜಿನ ಗೋಡೆ, ಕೆಳಗೆ ಕನ್ನಡಿಯಂತೆ ಹೊಳೆಯುವ ನೆಲ, ತಲೆಯ ಮೇಲೆ ದೀಪಗಳನ್ನು ಹುದುಗಿಸಿದ ಹುಸಿ ಚಾವಣಿ, ಪಡಸಾಲೆಯ ಕಡೆಗೆ ಬಾಯ್ತೆರೆದ ಅಡಿಗೆಯ ಮನೆ! ಗೃಹಪ್ರವೇಶದ ದಿನ ಬಂದ ಅತಿಥಿಗಳು ಒಂದೊಂದನ್ನೂ ಮುಟ್ಟಿ ಮುಟ್ಟಿ ಮೆಚ್ಚುತ್ತಾರೆ. ಊಟ ಮುಗಿಸಿ ತಂತಮ್ಮ ಮನೆಗಳಿಗೆ ತೆರಳುತ್ತಾರೆ. ಆ ಮನೆಯಲ್ಲಿ ಬಾಳಬೇಕಾದವರು ಮಾತ್ರ ಉಳಿಯುತ್ತಾರೆ.

ಮನೆಗೆ ನಿಜವಾದ ಪರೀಕ್ಷಕರು ಇಬ್ಬರು. ಮೊದಲನೆಯದು ಮಳೆ, ಎರಡನೆಯವಳು ಆ ಮನೆಯೊಳಗೆ ದಿನವಿಡೀ ದುಡಿಯುವ ಹೆಂಗಸು. ನಕ್ಷೆಯನ್ನು ಬರೆಯುವಾಗ ಇವರಿಬ್ಬರ ಅಭಿಪ್ರಾಯವನ್ನು ಯಾರೂ ಕೇಳುವದಿಲ್ಲ. ಕಟ್ಟಿ ಮುಗಿದ ಮೇಲೆ ಮಳೆಯು ಕೇಳದೆಯೇ ಹೇಳುತ್ತದೆ. ಹೆಂಗಸು ಹೇಳದೆಯೇ ಅನುಭವಿಸುತ್ತಾಳೆ. ಹೊಸ ಮನೆಗಳ ಅಂದಚೆಂದಗಳಲ್ಲಿ ಯಾವದು ಮೆಚ್ಚತಕ್ಕದ್ದು, ಯಾವದು ತ್ಯಜಿಸತಕ್ಕದ್ದು ಎಂಬ ಚರ್ಚೆ ಎಲ್ಲೆಡೆಯೂ ನಡೆದಿದೆ. ಆದರೆ ಈ ಇಬ್ಬರನ್ನು ಹೊರಗಿಟ್ಟು ನಡೆಯುವ ಚರ್ಚೆಗೆ ಬೆಲೆಯಿಲ್ಲ.

ಮೊದಲು ಮಳೆಯ ಮಾತು. ಈ ನಾಲ್ಕು ತಾಲೂಕುಗಳು ಒಂದಕ್ಕೊಂದು ಹತ್ತಿರವಿದ್ದರೂ ಆಕಾಶವು ಅವುಗಳನ್ನು ಒಂದೇ ತೆರನಾಗಿ ನಡೆಸಿಕೊಳ್ಳುವದಿಲ್ಲ. ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕಿನಲ್ಲಿ ವರ್ಷಕ್ಕೆ ನೂರು ಅಂಗುಲಕ್ಕಿಂತಲೂ ಎಷ್ಟೋ ಮಿಗಿಲಾಗಿ ಮಳೆ ಸುರಿಯುತ್ತದೆ. ಮೂಡಲಿಗೆ ಬಂದಂತೆ ಅದು ಇಳಿಯುತ್ತ ಹೋಗಿ, ಹಳಿಯಾಳ ಮುಂಡಗೋಡಗಳ ಪೂರ್ವದಂಚು ಧಾರವಾಡದ ಬಯಲಿನ ಹವೆಯನ್ನೇ ಹೊಂದುತ್ತದೆ. ಬಯಲುಸೀಮೆಯವರು ಮಣ್ಣಿನ ಮಾಳಿಗೆಯ ಮನೆಗಳನ್ನು ಕಟ್ಟಿದ್ದು ಅವಿವೇಕದಿಂದಲ್ಲ. ಅಲ್ಲಿ ಮಳೆ ಕಡಿಮೆ; ಮಾಳಿಗೆಯ ಮೇಲೆ ಕಾಳು ಒಣಗುತ್ತದೆ, ಬೇಸಿಗೆಯ ರಾತ್ರಿ ನಿದ್ರೆ ಹತ್ತುತ್ತದೆ. ೧೯೬೬ರಲ್ಲಿ ಮುಂಡಗೋಡದ ಬಳಿ ವಸತಿ ಪಡೆದ ಟಿಬೇಟದ ನಿರಾಶ್ರಿತರ ಮೂಲನಾಡಿನಲ್ಲಿಯೂ ಮನೆಗಳ ಮಾಡು ಚಪ್ಪಟೆಯೇ. ಹಿಮಾಲಯದ ಆಚೆಗಿನ ಆ ಪ್ರಸ್ಥಭೂಮಿಗೆ ಮಳೆಗಾಲದ ಮೋಡ ದಾಟಿ ಬರುವದು ಅಪರೂಪ. ಚಪ್ಪಟೆ ಮಾಡು ತನ್ನ ನೆಲದಲ್ಲಿ ಜಾಣತನ. ಜೋಯಿಡಾದ ಕಣಿವೆಯಲ್ಲಿ ಅದೇ ಮೂಢತನ.

ಹಳೆಯದೆಲ್ಲವೂ ನಮ್ಮದು, ಹೊಸದೆಲ್ಲವೂ ಹೊರಗಿನದು ಎನ್ನುವವರು ಒಂದು ಮಾತನ್ನು ನೆನೆಯಬೇಕು. ಇಂದು ಹಳ್ಳಿಯ ಮನೆಯ ಸಾಕ್ಷಾತ್ ಲಕ್ಷಣವೆನಿಸಿದ ಮಂಗಳೂರು ಹಂಚು ಒಂದು ಕಾಲಕ್ಕೆ ಪರದೇಶದ ಯಂತ್ರದಿಂದ ಹುಟ್ಟಿದ ಹೊಸ ವಸ್ತುವೇ ಆಗಿತ್ತು. ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರಖಾನೆಯನ್ನು ತೆರೆದದ್ದು ೧೮೬೫ರಲ್ಲಿ. ಅಲ್ಲಿಯವರೆಗೆ ಹುಲ್ಲಿನ ಮಾಡು, ಕುಂಬಾರನ ನಾಡಹಂಚು ಇವೇ ಗತಿಯಾಗಿದ್ದವು. ಮುಂದೆ ಜೋಯಿಡಾ ಹಳಿಯಾಳಗಳ ನೆರೆಯ ಖಾನಾಪುರದ ಜೇಡಿಯಿಂದಲೂ ಹಂಚುಗಳು ಸಿದ್ಧವಾದವು. ಜನರು ಅದನ್ನು ಒಪ್ಪಿದ್ದು ಅದು ವಿಲಾಯತಿಯದೆಂದಲ್ಲ. ಒಂದರೊಳಗೊಂದು ಕಚ್ಚಿಕೊಂಡು ನೀರನ್ನು ಹೊರಗೆ ಸಾಗಿಸುತ್ತಿತ್ತೆಂದು. ಮಳೆಯು ಅದನ್ನು ಪರೀಕ್ಷಿಸಿ ತೇರ್ಗಡೆ ಮಾಡಿತು. ಹೊಸದನ್ನು ಸ್ವೀಕರಿಸುವ ಸರಿಯಾದ ರೀತಿ ಇದು.

ಸ್ಲ್ಯಾಬಿನ ಕಥೆ ಹೀಗಲ್ಲ. ಕಟ್ಟಿದ ಕೆಲವೇ ಮಳೆಗಾಲಗಳಲ್ಲಿ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಬಿರುಕಿನಲ್ಲಿ ಇಳಿಯುತ್ತದೆ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಗಿಲಾವನ್ನು ಕೆಡವುತ್ತದೆ. ಆಗ ಯಜಮಾನನು ಏನು ಮಾಡುತ್ತಾನೆ? ಸ್ಲ್ಯಾಬಿನ ಮೇಲೆ ಕಬ್ಬಿಣದ ಕಂಬಗಳನ್ನು ನೆಟ್ಟು ಇಳಿಜಾರಾದ ತಗಡಿನ ಮಾಡನ್ನು ಹೊದಿಸುತ್ತಾನೆ. ಈ ನಾಲ್ಕು ತಾಲೂಕುಗಳಲ್ಲಿ ಇಂಥ ಎರಡು ಮಾಡಿನ ಮನೆಗಳಿಗೆ ಲೆಕ್ಕವಿಲ್ಲ. ಇಳಿಜಾರು ಬೇಡವೆಂದು ಒಮ್ಮೆ ಹಣ ಸುರಿದು, ಇಳಿಜಾರು ಬೇಕೆಂದು ಮತ್ತೊಮ್ಮೆ ಹಣ ಸುರಿಯುವ ಈ ವ್ಯವಹಾರಕ್ಕೆ ಪ್ರಗತಿಯೆಂಬ ಹೆಸರು!

ಇದು ಹಳ್ಳಿಯವರ ಅಜ್ಞಾನವೆಂದು ನಗುವವರು ಪ್ಯಾರಿಸಿನ ಹೊರವಲಯದ ಪೊಯಸ್ಸಿ ಎಂಬಲ್ಲಿಗೆ ಹೋಗಿ ನೋಡಲಿ. ಮುಂದೆ ಚಂಡೀಗಡವನ್ನು ಯೋಜಿಸಿದ ಜಗದ್ವಿಖ್ಯಾತ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ಅಲ್ಲಿ ಸವ್ವಾ ಕುಟುಂಬಕ್ಕಾಗಿ ಕಟ್ಟಿದ ಚಪ್ಪಟೆ ಮಾಡಿನ ಮನೆಯು ೧೯೩೧ರಲ್ಲಿ ಪೂರ್ಣಗೊಂಡಿತು. ಮಳೆ ಬಂದಾಗಲೆಲ್ಲ ಅದು ಸೋರಿತು. ಮನೆಯೊಡತಿಯು ಪತ್ರದ ಮೇಲೆ ಪತ್ರ ಬರೆದು ಶಿಲ್ಪಿಗೆ ದೂರಿಕೊಂಡಳು. ಇಂದು ಆ ಮನೆ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಜಗತ್ತಿನ ವಿದ್ಯಾರ್ಥಿಗಳು ಬಂದು ನೋಡಿ ಹೋಗುತ್ತಾರೆ. ನೋಡುವವರಿಗೆ ಅದು ಕಲಾಕೃತಿ. ಇದ್ದವರಿಗೆ ಸೋರುವ ಸೂರು. ಮಳೆಯು ಶಿಲ್ಪಿಯ ಕೀರ್ತಿಯನ್ನು ಕೇಳಿ ಹಿಂಜರಿಯುವದಿಲ್ಲ.

ಹಂಚಿನ ಮನೆಯನ್ನು ಬಿಟ್ಟವರಿಗೆ ಕಾರಣಗಳೇ ಇಲ್ಲವೆಂದರೆ ಅನ್ಯಾಯವಾದೀತು. ಮಂಗಗಳ ಹಿಂಡು ಒಂದು ಹಗಲಿನಲ್ಲಿ ಮಾಡನ್ನೆಲ್ಲ ಒಡೆದು ಹೋಗುತ್ತದೆ. ತೇಗದ ನಾಡಿನಲ್ಲಿದ್ದರೂ ತೇಗದ ತೊಲೆ ಬಡವನ ಕೈಗೆ ಎಟುಕದು. ಮಳೆಗಾಲಕ್ಕೆ ಮುಂಚೆ ಮಾಡನ್ನೇರಿ ಹಂಚು ಕೈಯಾಡಿಸುವ ಆಳುಗಳು ಸಿಕ್ಕುವದಿಲ್ಲ. ಈ ಆಕ್ಷೇಪಣೆಗಳು ಹಂಚಿನ ವಿಷಯದಲ್ಲಿ ನಿಜ. ಇಳಿಜಾರಿನ ವಿಷಯದಲ್ಲಿ ಅಲ್ಲ. ಮಂಗವು ಹಂಚನ್ನು ಒಡೆಯಬಲ್ಲದು, ಇಳಿಜಾರನ್ನು ಒಡೆಯಲಾರದು. ಕಾಂಕ್ರೀಟನ್ನೇ ಹಾಕುವದಾದರೆ ಅದನ್ನು ಇಳಿಜಾರಾಗಿ ಹಾಕಲು ಯಾವ ಶಾಸ್ತ್ರವೂ ಅಡ್ಡಬರುವದಿಲ್ಲ. ಗೋಡೆಯಿಂದ ಎರಡು ಮೂರು ಅಡಿ ಸೂರನ್ನು ಹೊರಚಾಚಿದರೆ ಎರಚಲಿನಿಂದ ಗೋಡೆ ಉಳಿಯುತ್ತದೆ, ಕಿಟಕಿಯನ್ನು ಮಳೆಯಲ್ಲಿಯೂ ತೆರೆದಿಡಬಹುದು. ಕೇರಳದಲ್ಲಿ ನೆಲೆಸಿ ೨೦೦೭ರಲ್ಲಿ ತೀರಿಕೊಂಡ ಲಾರಿ ಬೇಕರ್ ಎಂಬ ಶಿಲ್ಪಿಯು ಸ್ಲ್ಯಾಬಿನ ಕೆಳಭಾಗದಲ್ಲಿ ಕಾಂಕ್ರೀಟಿಗೆ ಭಾರ ಹೊರುವ ಕೆಲಸವಿಲ್ಲದ ಕಡೆ ಹಂಚುಗಳನ್ನೇ ಇಟ್ಟು ಸಿಮೆಂಟನ್ನು ಉಳಿಸುವ ಪದ್ಧತಿಯನ್ನು ಬಳಕೆಗೆ ತಂದನು. ಹಳತು ಹೊಸತುಗಳು ಕೂಡಿ ಬಾಳುವ ದಾರಿ ಇದೆ. ಹುಡುಕುವ ಮನಸ್ಸು ಬೇಕು.

ಸೂರಿನೊಡನೆ ಜಗಲಿಯೂ ಹೋಯಿತು. ಅದರ ಸ್ಥಾನದಲ್ಲಿ ಮೋಟಾರಿನ ತಂಗುದಾಣವೂ ಎತ್ತರದ ಆವರಣದ ಗೋಡೆಯೂ ಬಂದಿವೆ. ಮುದುಕರು ಮಳೆಯನ್ನು ನೋಡುತ್ತ ಕೂಡುವ, ಮಕ್ಕಳು ಮಗ್ಗಿ ಹೇಳುವ, ಸಂತೆಗೆ ಹೊರಟವರು ಗಂಟು ಇಳಿಸಿ ನೀರು ಕುಡಿಯುವ ಸ್ಥಳವದು. ಈಗ ಮುದುಕರು ಒಳಕೋಣೆಯಲ್ಲಿ ದೂರದರ್ಶನದ ಮುಂದೆ ಒಬ್ಬರೇ ಕುಳಿತಿದ್ದಾರೆ. ಹೊಳೆಯುವ ನೆಲದ ಮೇಲೆ ಒದ್ದೆಗಾಲಿಟ್ಟು ಜಾರಿ ಸೊಂಟ ಮುರಿದುಕೊಳ್ಳುವವರೂ ಅವರೇ. ಆದರೆ ಜಗಲಿಯ ಗುಣಗಾನ ಮಾಡುವಾಗ ಸತ್ಯವನ್ನು ಮರೆಯಬಾರದು. ಅದರ ಮೆಟ್ಟಿಲ ಕೆಳಗೆ ಅಂಗಳದಲ್ಲಿಯೇ ನಿಲ್ಲಬೇಕಾಗಿದ್ದವರೂ ಇದ್ದರು. ಜಗಲಿ ಮರಳಿ ಬರಲಿ; ಆ ಗೆರೆ ಮರಳಿ ಬರುವದು ಬೇಡ.

ಇನ್ನು ಎರಡನೆಯ ಪರೀಕ್ಷಕಳ ಮಾತು. ಇಲ್ಲಿ ಹಳೆಯ ಮನೆಯ ಭಕ್ತರು ತಲೆ ತಗ್ಗಿಸಬೇಕಾಗುತ್ತದೆ. ಅಜ್ಜನ ಮನೆಯ ಸೊಗಸನ್ನು ವರ್ಣಿಸುವವರು ಸಾಮಾನ್ಯವಾಗಿ ಜಗಲಿಯಲ್ಲಿ ಕುಳಿತಿದ್ದವರು. ಒಲೆಯ ಮುಂದೆ ಕುಳಿತಿದ್ದವರಲ್ಲ. ಅಜ್ಜಿಯ ಅಡಿಗೆಯ ಮನೆ ಹಗಲಲ್ಲಿಯೂ ಕತ್ತಲೆ. ಹಸಿ ಕಟ್ಟಿಗೆಯ ಹೊಗೆ ಕಣ್ಣನ್ನೂ ಎದೆಯನ್ನೂ ಸುಟ್ಟಿತು. ಒರಳು, ಬೀಸುಕಲ್ಲು, ಬಾವಿಯ ಹಗ್ಗ ಇವು ಮೂರೂ ಆಕೆಯ ಬೆನ್ನಿನ ಮೇಲೆಯೇ ತಿರುಗಿದವು. ಶೌಚಕ್ಕೆ ಕತ್ತಲಾಗುವದನ್ನು ಕಾಯಬೇಕಾಗಿತ್ತು. ಒರಳಿನಲ್ಲಿ ಅರೆದ ಚಟ್ನಿಯ ರುಚಿ ಮಿಕ್ಸರಿನ ಚಟ್ನಿಗೆ ಇಲ್ಲವೆಂದು ಕೊರಗುವ ಗಂಡಸು ಒಂದು ತಿಂಗಳು ತಾನೇ ಅರೆದು ನೋಡಲಿ. ಆಮೇಲೆ ಆತನ ನಾಲಿಗೆಯ ತೀರ್ಪನ್ನು ಮನ್ನಿಸಬಹುದು. ನಲ್ಲಿ, ಮಿಕ್ಸರು, ಅನಿಲದ ಒಲೆ, ಮನೆಯೊಳಗಿನ ಶೌಚಾಲಯ ಇವು ಷೋಕಿಯ ವಸ್ತುಗಳಲ್ಲ. ತಲೆತಲಾಂತರದ ಋಣದ ಅಲ್ಪ ಪಾವತಿ.

ಈ ಋಣವನ್ನು ವಿಜ್ಞಾನವು ಮನಸ್ಸಿಟ್ಟು ತೀರಿಸಹೊರಟ ಉದಾಹರಣೆ ಕರ್ನಾಟಕದಲ್ಲಿಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೭೪ರಲ್ಲಿ ಗ್ರಾಮಗಳಿಗಾಗಿ ‘ಅಸ್ತ್ರ’ ಎಂಬ ಕೇಂದ್ರ ಆರಂಭವಾಯಿತು. ಹಳೆಯ ಒಲೆಯಲ್ಲಿ ಕಟ್ಟಿಗೆಯ ಶಾಖದ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಪಾತ್ರೆಗೆ ಮುಟ್ಟುತ್ತದೆಂಬದನ್ನು ಕಂಡು, ಅಲ್ಲಿಯ ವಿಜ್ಞಾನಿಗಳು ಹೊಗೆಯನ್ನು ಕೊಳವೆಯಿಂದ ಹೊರಗೆ ಸಾಗಿಸಿ ಕಟ್ಟಿಗೆಯನ್ನು ಉಳಿಸುವ ‘ಅಸ್ತ್ರ ಒಲೆ’ಯನ್ನು ರೂಪಿಸಿದರು. ಜರ್ಮನಿಯ ಫ್ರಾಂಕ್‌ಫರ್ಟ್ ನಗರಕ್ಕಾಗಿ ೧೯೨೬ರಲ್ಲಿ ಮಾರ್ಗರೇಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ಮಹಿಳಾ ಶಿಲ್ಪಿಯು ಅಡಿಗೆಯ ಕೆಲಸದಲ್ಲಿ ಹೆಂಗಸು ಇಡುವ ಹೆಜ್ಜೆಗಳನ್ನೂ ಕಳೆಯುವ ಹೊತ್ತನ್ನೂ ಎಣಿಸಿ, ಆ ಎಣಿಕೆಯ ಮೇಲೆ ಅಡಿಗೆಯ ಮನೆಯನ್ನು ಯೋಜಿಸಿದಳು. ಅಂಥವು ಸುಮಾರು ೧೦,೦೦೦ ಮನೆಗಳಲ್ಲಿ ಬಂದವು. ಅವು ಬಲು ಇಕ್ಕಟ್ಟು, ಹೆಂಗಸನ್ನು ಒಂಟಿಯಾಗಿಸುತ್ತವೆ ಎಂಬ ಟೀಕೆಯೂ ಮುಂದೆ ಬಂತು. ಆದರೂ ದುಡಿಯುವವಳ ಕಾಲಿನಿಂದ ಅಳತೆ ತೆಗೆಯಬೇಕೆಂಬ ತತ್ವ ಸುಳ್ಳಾಗಲಿಲ್ಲ.

ಈ ತತ್ವದಿಂದ ಇಲ್ಲಿಯ ಹೊಸ ಅಡಿಗೆಯ ಮನೆಗಳನ್ನು ಅಳೆದರೆ ಏನು ಕಾಣುತ್ತದೆ? ನಕ್ಷೆಯ ಬಗ್ಗೆ ಇಂಜಿನಿಯರನನ್ನು ಕೇಳುತ್ತಾರೆ, ಗುತ್ತಿಗೆದಾರನನ್ನು ಕೇಳುತ್ತಾರೆ, ವಾಸ್ತು ಪಂಡಿತನನ್ನು ಎರಡೆರಡು ಸಲ ಕೇಳುತ್ತಾರೆ. ಅಲ್ಲಿ ಮೂವತ್ತು ವರ್ಷ ನಿಲ್ಲಬೇಕಾದವಳನ್ನು ಟೈಲ್ಸಿನ ಬಣ್ಣ ಯಾವದಿರಲಿ ಎಂದು ಮಾತ್ರ ಕೇಳುತ್ತಾರೆ. ಕಟ್ಟೆಯ ಎತ್ತರ ಆಕೆಯ ಮೈಕಟ್ಟಿಗೆ ಹೊಂದುವದಿಲ್ಲ. ಮೇಲಿನ ಕಪಾಟು ಕೈಗೆ ಎಟುಕುವದಿಲ್ಲ. ಗೋಡೆಯಿಲ್ಲದ ಅಡಿಗೆಯ ಮನೆಯಿಂದ ಹೆಂಗಸು ಎಲ್ಲರೊಡನೆ ಬೆರೆಯುವಳೆಂಬ ವಾದದಲ್ಲಿ ಸತ್ಯಾಂಶವಿದೆ. ಆದರೆ ಒಣಮೆಣಸು ಇಂಗುಗಳ ಒಗ್ಗರಣೆ ಸಿಡಿದಾಗ ಪಡಸಾಲೆಯಲ್ಲಿ ಕೂತವರೆಲ್ಲ ಕೆಮ್ಮುತ್ತಾರೆ. ಬಂದವರ ಕಣ್ಣಿಗೆ ಬೀಳುತ್ತದೆಂದು ಪಾತ್ರೆಗಳನ್ನು ಕ್ಷಣಕ್ಷಣಕ್ಕೆ ಒಪ್ಪವಾಗಿಡುವ ಹೊಸ ಚಾಕರಿಯೊಂದು ಆಕೆಯ ಪಾಲಿಗೆ ಬರುತ್ತದೆ. ನಡುವೆ ಅಗಲವಾದ ಕಿಟಕಿಯೊಂದನ್ನು ಬಿಟ್ಟರೆ ಮಾತೂ ನಡೆದೀತು, ಹೊಗೆಯೂ ತಡೆದೀತು.

ವಿದ್ಯುತ್ತಿನ ಮೇಲೆ ಸಂಪೂರ್ಣ ಭಾರ ಹಾಕುವ ಮನೆಯ ವಿಷಯವೂ ವಿಚಾರಾರ್ಹ. ಕಾಳಿಯ ನೀರು ಸೂಪಾ ಆಣೆಕಟ್ಟಿನ ಬುಡದಲ್ಲಿ ೫೦ ಮೆಗಾವ್ಯಾಟಿನ ಎರಡು ಯಂತ್ರಗಳನ್ನು ತಿರುಗಿಸಿ, ಮುಂದೆ ನಾಗಝರಿಯಲ್ಲಿ ಇನ್ನೂ ಹೆಚ್ಚಿನ ವಿದ್ಯುತ್ತನ್ನು ಹುಟ್ಟಿಸಿ ನಾಡಿಗೆಲ್ಲ ಬೆಳಕು ಕೊಡುತ್ತದೆ. ಹಾಗಿದ್ದೂ ಗಾಳಿಮಳೆಗೆ ಮರವೊಂದು ತಂತಿಯ ಮೇಲೆ ಬಿದ್ದರೆ ಅದೇ ಕಾಳಿಯ ದಂಡೆಯ ಹಳ್ಳಿ ಕತ್ತಲೆಯಲ್ಲಿ ಮುಳುಗುತ್ತದೆ. ಹಗಲಿಗೂ ದೀಪ ಬೇಕಾಗುವ ಕೋಣೆಗಳನ್ನು ಕಟ್ಟಿ, ಹುಸಿ ಚಾವಣಿಯಲ್ಲಿ ಇಪ್ಪತ್ತು ದೀಪಗಳನ್ನು ಹುದುಗಿಸಿದವನು ಆಗ ಮೇಣಬತ್ತಿಯನ್ನು ಹುಡುಕುತ್ತಾನೆ. ಚಾವಣಿಯ ಮೇಲೆ ಇಲಿಗಳು ಓಡಾಡುತ್ತವೆ. ಹಂಚಿನ ಸಾಲಿನಲ್ಲಿ ಒಂದು ಗಾಜಿನ ಹಂಚನ್ನಿಟ್ಟು ಹಗಲೆಲ್ಲ ಪುಕ್ಕಟೆ ಬೆಳಕು ಪಡೆದ ಬಡಗಿಯು ಈತನಿಗಿಂತ ಹೆಚ್ಚು ವಿಜ್ಞಾನ ಬಲ್ಲವನಲ್ಲವೇ?

ಇವೆಲ್ಲ ಉಳ್ಳವರ ಮಾತು ಎಂದು ಯಾರಾದರೂ ಕೇಳಿಯಾರು. ಹೌದು, ಆದರೆ ಉಳ್ಳವರ ಮನೆಯೇ ಇಲ್ಲದವರಿಗೆ ಮಾದರಿಯಾಗುತ್ತದೆ. ೨೦೧೬ರಲ್ಲಿ ಹೊಸ ರೂಪದಲ್ಲಿ ಬಂದ ಪ್ರಧಾನಮಂತ್ರಿ ಗ್ರಾಮೀಣ ವಸತಿ ಯೋಜನೆಯು ಅಡಿಗೆಯ ಸ್ಥಳವನ್ನೂ ಸೇರಿಸಿ ಮನೆಗೆ ಕನಿಷ್ಠ ೨೫ ಚದರ ಮೀಟರು ಎಂದು ಗೊತ್ತುಪಡಿಸಿದೆ. ಪೇಟೆಯ ಎಷ್ಟೋ ಮನೆಗಳ ಅತಿಥಿಶಾಲೆಯೇ ಅದಕ್ಕಿಂತ ದೊಡ್ಡದು. ಅಷ್ಟರೊಳಗೆ ಕುಣಬಿ, ಸಿದ್ದಿ, ಗೌಳಿ ಕುಟುಂಬವೊಂದು ಬಾಳಬೇಕು. ಭತ್ತ ಒಣಗಿಸಬೇಕು, ಕಟ್ಟಿಗೆ ನೆನೆಯದಂತೆ ಇಡಬೇಕು, ಎಳೆಗರುವನ್ನು ಮಳೆಯಿಂದ ಕಾಯಬೇಕು. ಅಂಥವರಿಗೆ ಪೇಟೆಯ ಚಪ್ಪಟೆ ಪೆಟ್ಟಿಗೆಯೇ ಗೌರವದ ಗುರುತೆಂದು ಕಲಿಸಿದ ಪಾಪ ಯಾರದು? ಅವರ ೨೫ ಚದರ ಮೀಟರಿಗೆ ಅಗಲವಾದ ಸೂರೊಂದು ಕೂಡಿದರೆ ಮನೆಯು ಅರ್ಧ ಬೆಳೆದಂತಾಗುತ್ತದೆ.

ಆದುದರಿಂದ ಮನೆ ಕಟ್ಟಹೊರಟವರು ನಕ್ಷೆಗೆ ಸಹಿ ಹಾಕುವ ಮುಂಚೆ ಎರಡು ಕೆಲಸಗಳನ್ನು ಮಾಡಲಿ. ಆಷಾಢದ ಜಡಿಮಳೆಯಲ್ಲಿ ಆ ನಿವೇಶನದ ಮೇಲೆ ಕೊಡೆ ಹಿಡಿದು ಒಂದು ಗಳಿಗೆ ನಿಂತು, ನೀರು ಎತ್ತಣಿಂದ ಬರುತ್ತದೆ, ಗಾಳಿ ಅದನ್ನು ಎತ್ತ ಹೊಡೆಯುತ್ತದೆ ಎಂಬದನ್ನು ನೋಡಲಿ. ಅನಂತರ ಮನೆಗೆ ಬಂದು, ಅಡಿಗೆ ಮಾಡುವವಳ ಮುಂದೆ ಆ ಕಾಗದವನ್ನು ಹರಡಿ ಪೆನ್ಸಿಲನ್ನು ಆಕೆಯ ಕೈಗೆ ಕೊಡಲಿ. ಆಕೆ ಹೊಡೆದುಹಾಕಿದ ಗೆರೆಗಳನ್ನು ಯಾವ ಪಂಡಿತನೂ ಮತ್ತೆ ಎಳೆಯದಿರಲಿ.